ಮಾವನವರಿಗೊಂದು ಜಾಗ

ಓಂಕಾರ್ ಹೊನ್ನಾಳಿಯಲ್ಲಿ ಮನೆ ಕಟ್ಟಿದ್ದು ಸ್ವಂತ ದುಡಿಮೆಯಲ್ಲಿ. ಈ ಮಾತು ನೆಂಟರಿಷ್ಟರಿಗೆಲ್ಲ ತಲುಪಬೇಕು ಎಂಬುದೊಂದೇ ಅವನ ಆಸೆ. ಹೈಸ್ಕೂಲಿನ ಗುಮಾಸ್ತನಿಗೆ ನಟ್ಟನಡುವೆ ಕೂರುವ ಯೋಗ ಬರುವುದು ಎರಡೇ ಸಲ, ಮದುವೆಯಲ್ಲೊಮ್ಮೆ, ಗೃಹಪ್ರವೇಶದಲ್ಲೊಮ್ಮೆ. (ಮದುವೆಯಲ್ಲಿ ಎಲ್ಲರೂ ಹೆಂಡತಿ ನೇತ್ರಾವತಿಯ ಸೀರೆ ನೋಡುತ್ತಿದ್ದರು.) ಹಾಗಾಗಿ ಗೃಹಪ್ರವೇಶದ ವಿಡಿಯೋವನ್ನು ತಾನೇ ಎಡಿಟ್ ಮಾಡುವುದಾಗಿ ಘೋಷಿಸಿ, ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಮುಂದೆ ಆಸೀನನಾದ.

ತೊಡಕು ಒಂದೇ. ಜಗಳೂರಿನ ಮಾವ ನಾಗೇಂದ್ರಪ್ಪ ಬಚ್ಚಲಲ್ಲಿ ಜಾರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಸಮಾರಂಭಕ್ಕೆ ಬರಲಾರದೆ ಹೋಗಿದ್ದರು. ಶಲ್ಯ ಹೊದ್ದು ಮಂಚದ ಮೇಲೆ ಕೂತು, ಎರಡೂ ಕೈ ಎತ್ತಿ ಹರಸುವ ವಿಡಿಯೋ ಕಳಿಸಿದ್ದರು. ಅದನ್ನು ಪೂಜೆಯ ದೃಶ್ಯದ ಮೇಲೆ ಚೌಕವಾಗಿ ಕೂರಿಸಿ, ಸಂಜೆಯೊಳಗೆ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಬೇಕೆಂದು ನೇತ್ರಾವತಿಯ ಅಪ್ಪಣೆಯಾಗಿತ್ತು.

ಓಂಕಾರ್ ಮಾವನನ್ನು ನೂರಕ್ಕೆ ಹದಿನೈದರ ಅಳತೆಗೆ ಕುಗ್ಗಿಸಿ, ಕೆಳಗಿನ ಬಲಮೂಲೆಗೆ ಎಳೆದಿಟ್ಟ.

"ನಮ್ಮಪ್ಪ ಯಾಕ್ರೀ ಇಷ್ಟು ಸಣ್ಣಗಾದ್ರು?" ಎಂದಳು ನೇತ್ರಾವತಿ. "ಅದೂ ಚಪ್ಪಲಿ ಬಿಟ್ಟಿರೋ ಜಾಗದಾಗೆ ಕೂರ್ಸೀರಿ."

ನಿಜ, ಆ ಮೂಲೆಯಲ್ಲಿ ನೆಂಟರ ಚಪ್ಪಲಿಗಳಿದ್ದವು. ಅವನು ಚೌಕವನ್ನು ಹಿಗ್ಗಿಸಿ ಎಡಕ್ಕೆ ತಂದ. ಅಲ್ಲಿ ಕೂತಿದ್ದ ಅವನ ತಾಯಿ ಹುಲಿಗೆಮ್ಮ ಪೂರ್ತಿ ಮರೆಯಾದರು. ಹಿಂದೆ ನಿಂತು ನೋಡುತ್ತಿದ್ದ ಅಸಲಿ ಹುಲಿಗೆಮ್ಮ ಸುಮ್ಮನಿರಲಿಲ್ಲ.

"ಬೀಗರನ್ನ ತಂದು ನನ್ನ ತಲೆ ಮೇಲೇ ಕೂರ್ಸಿದೆಯಲ್ಲಪ್ಪ. ನಿನ್ನ ಹೆತ್ತಿದ್ದಕ್ಕೂ ಸಾರ್ಥಕ ಆತು."

ಮೇಲೆ ಗೋಡೆಯಲ್ಲಿ ಜಾಗವಿತ್ತು. ಮಾವನನ್ನು ಅಲ್ಲಿಗೇರಿಸಿ, ಅಂದ ಹೆಚ್ಚಲೆಂದು ಚೌಕಕ್ಕೆ ಚಿನ್ನದ ಬಣ್ಣದ ಅಂಚನ್ನೂ ಕೊಟ್ಟ. ಪಕ್ಕದಲ್ಲೇ ಅವನ ತೀರಿಹೋದ ತಂದೆ, ತಾತ ಇಬ್ಬರೂ ಫೋಟೋಗಳಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದರು. ಮಾವ ಆ ಸಾಲಿನಲ್ಲಿ ಮೂರನೆಯವರಾದರು.

ನೇತ್ರಾವತಿಯ ಕಣ್ಣಲ್ಲಿ ನೀರು ಬಂತು. "ಕಾಲು ಮುರಿದಿದ್ದಕ್ಕೇ ಅವರ ಸಾಲಿಗೆ ಸೇರ್ಸಿಬಿಟ್ರಾ? ನಮ್ಮಪ್ಪ ಇವತ್ತಿಗೂ ಮೂರು ರೊಟ್ಟಿ ತಿಂತಾರೆ."

ಓಂಕಾರ್ ಮಾವನನ್ನು ಗೋಡೆಯಿಂದ ಕೆಳಗಿಳಿಸಿದ. ಕೊನೆಗೆ ಅವಳೇ ಕಣ್ಣೊರೆಸಿಕೊಂಡು ಪರದೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಹಾಕ್ರಿ. ಇಲ್ಲೇನೂ ಇಲ್ಲ."

"ಅಲ್ಲಿ ನಾನಿದ್ದೀನಿ ಕಣೇ."

"ನಿಮ್ಮನ್ನ ದಿನಾ ನೋಡ್ತೀವಲ್ಲ."

"ಅವಳು ಹೇಳೋದೂ ಸರಿ ಐತೆ," ಎಂದರು ಹುಲಿಗೆಮ್ಮ. ಅತ್ತೆ ಸೊಸೆ ಒಂದಾದದ್ದನ್ನು ಓಂಕಾರ್ ಕಂಡದ್ದು ಅದೇ ಮೊದಲು. ಅಂಥ ಅಪರೂಪದ ಒಗ್ಗಟ್ಟನ್ನು ಮುರಿಯಲು ಧೈರ್ಯ ಬರಲಿಲ್ಲ. ರೇಷ್ಮೆ ಪಂಚೆಯುಟ್ಟು ನಟ್ಟನಡುವೆ ಬೀಗುತ್ತಿದ್ದ ತನ್ನ ಮೇಲೆ ತಾನೇ ಮಾವನನ್ನು ಎಳೆದಿಟ್ಟ. ಚೌಕ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ವಿಡಿಯೋ ಗುಂಪಿಗೆ ಬಿದ್ದ ಹತ್ತೇ ನಿಮಿಷಕ್ಕೆ ಸಾಸ್ವೆಹಳ್ಳಿಯ ಸೋದರತ್ತೆ ಕೆಂಪಕ್ಕನ ಫೋನು ಬಂತು.

"ನೋಡಿದೆ ಕಣೋ ಓಂಕಾರ. ಯಜಮಾನ್ರ ಜಾಗದಾಗೆ ನಿಮ್ಮ ಮಾವನೇ ಕೂತಾರೆ. ಮಗಳಿಗೆ ಎಂಥ ಮನೆ ಕಟ್ಟಿಸಿಕೊಟ್ರಪ್ಪ. ಪುಣ್ಯವಂತ ನೀನು."

"ಅತ್ತೆ, ಮನೆ ಕಟ್ಟಿಸಿದ್ದು..." ಎನ್ನುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಗುಂಪು ತೆರೆದು ನೋಡಿದರೆ ಅಲ್ಲೂ ಅದೇ ಮಾತು, ನಾಗೇಂದ್ರಪ್ಪನವರ ದೊಡ್ಡ ಮನಸ್ಸಿಗೆ ನಲವತ್ತು ಜನರ ನಮಸ್ಕಾರ. ಮಾವನವರಾದರೂ ನಿಜ ಹೇಳಿಯಾರು ಎಂಬ ಆಸೆಯಿಂದ ಸಂದೇಶಗಳನ್ನು ಕೆಳಗಿನವರೆಗೂ ಸರಿಸುತ್ತ ಹೋದ. ಅವರ ಉತ್ತರವೂ ಬಂದಿತ್ತು.

"ನಮ್ಮದೇನೈತೆ, ಎಲ್ಲಾ ದೇವರು ಕೊಟ್ಟಿದ್ದು. ಅಳಿಯ ಮಗಳು ಸುಖವಾಗಿದ್ರೆ ಸಾಕು."