ಮೈಕ್ ಜಾಕಿರನ ಮೌನವ್ರತ

ರಗಳೆ ಶುರುವಾದದ್ದು ಅರ್ಧ ಬಾಳೆಹಣ್ಣಿನಿಂದ.

ಶನಿವಾರ ಬೆಳಿಗ್ಗೆ ಏಳಕ್ಕೆ ‘ಭದ್ರಾ ಬಾಯ್ಸ್ ಅಭಿಮಾನಿಗಳು’ ಎಂಬ ವಾಟ್ಸಾಪ್ ಗ್ರೂಪಿಗೆ ಕ್ಲಬ್ಬಿನ ಹೊಸ ಮಾಲೀಕ ವಿಶ್ವಾರಾಧ್ಯರ ಪ್ರಕಟಣೆ ಬಂದು ಬಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಗಟು ಬಟ್ಟೆ ವ್ಯಾಪಾರ ಮಾಡುವ ಈ ಮಹನೀಯರು ಭದ್ರಾವತಿಯ ಹಳೇ ಫುಟ್‌ಬಾಲ್ ಕ್ಲಬ್ಬನ್ನು ಕೊಂಡು ಹದಿನೈದು ದಿನವಾಗಿತ್ತು. ಅಷ್ಟರಲ್ಲೇ, ಆಟಗಾರರೂ ಹಣ್ಣು ತಿನ್ನುತ್ತಾರೆಂಬ ಆಘಾತಕಾರಿ ಸಂಗತಿ ಅವರ ಗಮನಕ್ಕೆ ಬಂದಿತ್ತು.

“ಇಂದಿನಿಂದ ಹಾಫ್‌ಟೈಮಿನಲ್ಲಿ ಕಿತ್ತಳೆ ಇರುವುದಿಲ್ಲ. ತಲಾ ಒಂದು ಬಾಳೆಹಣ್ಣು. ಗೋಲ್‌ಕೀಪರ್ ಓಡುವುದಿಲ್ಲವಾದ್ದರಿಂದ ಅವರಿಗೆ ಅರ್ಧ. ಬದಲಿ ಆಟಗಾರರಿಗೆ ಬೇರೆ ಸಾಕ್ಸ್ ಇಲ್ಲ. ಹೊರಬಂದವರಿಂದ ಪಡೆದು ಹಾಕಿಕೊಳ್ಳತಕ್ಕದ್ದು. ಮೈಕ್ ಸೆಟ್ ಬೇಕೋ ಬೇಡವೋ ಎಂಬುದನ್ನು ಇಂದಿನ ಪಂದ್ಯ ನೋಡಿ ತೀರ್ಮಾನಿಸಲಾಗುವುದು.”

ಸ್ಕೂಟರ್ ಮೆಕ್ಯಾನಿಕ್ ಜಾಕಿರ್ ಕೊನೆಯ ಸಾಲನ್ನು ಮೂರು ಸಲ ಓದಿದ. ಇಪ್ಪತ್ತೆರಡು ವರ್ಷದಿಂದ ಕ್ಲಬ್ಬಿನ ಪಂದ್ಯಗಳಿಗೆ ಮೈಕಿನಲ್ಲಿ ವಿವರಣೆ ಕೊಡುತ್ತಿದ್ದವನು ಅವನೇ. ಸಂಬಳವಿಲ್ಲ, ಯಾರೂ ಕೊಡುತ್ತೇನೆಂದೂ ಹೇಳಿರಲಿಲ್ಲ. ಗ್ಯಾರೇಜಿನಲ್ಲಿ ಗಿರಾಕಿಗಳು ಹೇಳುತ್ತಿದ್ದರು, ಅವನು ಕೇಳುತ್ತಿದ್ದ. ಮನೆಯಲ್ಲಿ ಹೆಂಡತಿ ಸಮ್ರೀನ್ ಹೇಳುತ್ತಿದ್ದಳು, ಅಲ್ಲೂ ಅವನೇ ಕೇಳುತ್ತಿದ್ದ. ಮೈದಾನದ ತೊಂಬತ್ತು ನಿಮಿಷ ಮಾತ್ರ ಅವನು ಹೇಳಿದ್ದನ್ನು ಊರು ಕೇಳುತ್ತಿತ್ತು. ಆ ಮೈಕೂ ಹೋದರೆ ತನ್ನ ಬಾಯಿ ಇರುವುದು ಚಹಾ ಕುಡಿಯುವುದಕ್ಕಷ್ಟೇ ಎಂದುಕೊಂಡ.

“ಒಳ್ಳೇದೇ ಆಯ್ತು ಬಿಡಿ,” ಎಂದಳು ಸಮ್ರೀನ್. “ಮೈಕ್ ಇಲ್ದೆ ಮಾತಾಡೋದು ಕಲೀತೀರ. ನಾನ್ ಏನಾದ್ರೂ ಕೇಳಿದ್ರೆ ಬರೀ ಹೂಂ ಅಂತೀರಲ್ಲ.”

“ಹೂಂ,” ಎಂದ ಜಾಕಿರ್.

ಒಂಬತ್ತರ ಹೊತ್ತಿಗೆ ಮೈದಾನದ ಪಕ್ಕದ ವಸಂತಮ್ಮನ ಚಹಾದಂಗಡಿ ವಿಧಾನಸಭೆಯಾಗಿತ್ತು. ಸಭಾಪತಿ ಸ್ಥಾನದಲ್ಲಿ, ಅಂದರೆ ಏಕೈಕ ಕುರ್ಚಿಯಲ್ಲಿ, ನಾಗೇಶ್ ಕೂತಿದ್ದ. ಕಾರ್ಖಾನೆಯಿಂದ ನಿವೃತ್ತನಾದ ಮಾರನೇ ದಿನವೇ ಅಭಿಮಾನಿ ಸಂಘಕ್ಕೆ ತನ್ನನ್ನು ತಾನೇ ಅಧ್ಯಕ್ಷನನ್ನಾಗಿ ಆರಿಸಿಕೊಂಡವನು ಅವನು.

“ಅರ್ಧ ಬಾಳೆಹಣ್ಣು ತಿಂದೋನು ಅರ್ಧ ಗೋಲೇ ತಡೀತಾನೆ,” ಎಂದ ನಾಗೇಶ್.

“ಇನ್ನರ್ಧ ಯಾರಿಗಂತೆ? ಸಾವ್ಕಾರ್ರಿಗಾ?” ಎಂದಳು ವಸಂತಮ್ಮ.

“ರೆಫ್ರಿಗೆ ಪೀಪಿ ಆದ್ರೂ ಇರುತ್ತೋ, ಬಾಯಲ್ಲೇ ಸಿಳ್ಳೆ ಹೊಡೀಬೇಕೋ,” ಎಂದ ಇನ್ನೊಬ್ಬ. ಸಾಕ್ಸಿನ ವಿಷಯದಲ್ಲಿ ಸಭೆ ಆಡಿದ ಮಾತುಗಳನ್ನು ಅಚ್ಚು ಹಾಕುವಂತಿಲ್ಲ. ಕ್ಲಬ್ಬು ಒಂಬತ್ತು ತಿಂಗಳಿಂದ ಒಂದೇ ಒಂದು ಗೋಲು ಹೊಡೆದಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಎತ್ತಲಿಲ್ಲ. ಅದಕ್ಕೆ ಹೊಸ ಮಾಲೀಕರನ್ನು ದೂರುವ ಹಾಗಿರಲಿಲ್ಲವಲ್ಲ.

ಸಾವ್ಕಾರರನ್ನು ಕಂಡು ಮಾತಾಡಲು ಜಾಕಿರ್ ಹೋಗಬೇಕು, ಬಾಯಿ ಇರುವವನು ಅವನೊಬ್ಬನೇ ಎಂದು ತೀರ್ಮಾನವಾಯಿತು. ಜೊತೆಗೆ ನಾಗೇಶ್. ಇಬ್ಬರೂ ಜಾಕಿರನ ಸ್ಕೂಟರ್ ಹತ್ತಿದರು. ಮಲವಗೊಪ್ಪದ ಹತ್ತಿರ ಅದು ಕೆಮ್ಮಿ ನಿಂತಿತು. ಮೆಕ್ಯಾನಿಕ್ಕೇ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಪ್ಲಗ್ಗು ಒರೆಸುವುದನ್ನು ನೋಡಿ ದಾರಿಹೋಕನೊಬ್ಬ ಕರುಣೆಯಿಂದ, “ಯಾವ ಗ್ಯಾರೇಜಲ್ಲಿ ರಿಪೇರಿ ಮಾಡ್ಸಿದ್ರಿ ಅಣ್ಣ? ಇನ್ಮೇಲೆ ಅಲ್ಲಿಗೆ ಹೋಗ್ಬೇಡಿ,” ಎಂದು ಬುದ್ಧಿ ಹೇಳಿ ಹೋದ.

ಗಾಂಧಿ ಬಜಾರಿನ ಅಂಗಡಿಯಲ್ಲಿ ವಿಶ್ವಾರಾಧ್ಯರು ಬಹಳ ಮರ್ಯಾದೆಯಿಂದ ಬರಮಾಡಿಕೊಂಡು ಚಹಾ ತರಿಸಿದರು. ಒಂದೇ ಚಹಾ. ಅದನ್ನು ಮೂರು ಲೋಟಕ್ಕೆ ಒಂದು ಹನಿ ಹೆಚ್ಚು ಕಮ್ಮಿಯಾಗದಂತೆ ತಾವೇ ಹಂಚಿದರು.

“ಸಾವ್ಕಾರ್ರೇ, ಬಾಳೆಹಣ್ಣು ಸಾಕ್ಸು ಹಾಳಾಗ್ಲಿ,” ಎಂದ ಜಾಕಿರ್, ಅಭಿಮಾನಿ ಸಂಘದ ಎಲ್ಲ ಬೇಡಿಕೆಗಳನ್ನೂ ಒಂದೇ ಉಸಿರಿಗೆ ಕೈಬಿಟ್ಟು. “ಮೈಕ್ ಒಂದು ತೆಗೀಬೇಡಿ. ನಾನು ಗೋಲ್ ಅಂದ್ಮೇಲೇ ಜನ ಕೂಗೋದು. ಮೈಕ್ ಇಲ್ಲ ಅಂದ್ರೆ ಒಬ್ರೂ ಉಸಿರೆತ್ತಲ್ಲ.”

“ಹೌದಾ? ನನಗೆ ಯಾರ್ ಮೇಲೂ ದ್ವೇಷ ಇಲ್ಲ ನೋಡಿ,” ಎಂದರು ವಿಶ್ವಾರಾಧ್ಯರು. “ಇವತ್ತು ಬರ್ತೀನಿ. ಜನ ಕೂಗೋದು ಮೈಕಿಂದ್ಲೇ ಅಂತ ಕಣ್ಣಾರೆ ಕಂಡ್ರೆ ಮೈಕ್ ಇರುತ್ತೆ. ಇಲ್ಲಾಂದ್ರೆ ಇಲ್ಲ.”

ವಾಪಸು ಬರುವಾಗ ನಾಗೇಶನ ತಲೆಗೆ ಉಪಾಯ ಹೊಳೆಯಿತು. ಅವನಿಗೆ ಉಪಾಯ ಹೊಳೆದಾಗೆಲ್ಲ ಬೇರೆ ಯಾರಿಗೋ ಕಷ್ಟ ಬರುವುದು ರೂಢಿ.

“ಇವತ್ತು ನೀನು ಮೈಕ್ ಮುಂದೆ ಕೂತ್ಕೋ, ಬಾಯಿ ಮಾತ್ರ ಬಿಡ್ಬೇಡ. ನಾವೂ ಬಿಡಲ್ಲ. ಮೈಕ್ ಸುಮ್ನಾದ್ರೆ ಮೈದಾನ ಸ್ಮಶಾನ ಅಂತ ಅವ್ರಿಗೆ ಗೊತ್ತಾಗ್ಲಿ. ನಾಳೆ ಅವ್ರೇ ಬಂದು, ಮಾತಾಡಪ್ಪ ಜಾಕಿರ್ ಅಂತ ಕೈ ಮುಗೀತಾರೆ.”

ಜಾಕಿರನಿಗೆ ಒಳಗೊಳಗೇ ಅಳುಕು. ಆದರೆ ಮೈಕ್ ಉಳಿಯಬೇಕಲ್ಲ. ಮಧ್ಯಾಹ್ನ ವಸಂತಮ್ಮನ ಅಂಗಡಿಯ ಮುಂದೆ ಊರಿನ ಅಭಿಮಾನಿಗಳೆಲ್ಲ ಒಬ್ಬೊಬ್ಬರಾಗಿ ಚೆಂಡು ಮುಟ್ಟಿ ಆಣೆ ಮಾಡಿದರು. ಏನೇ ಆಗಲಿ, ತುಟಿ ಪಿಟಕ್ಕೆನ್ನುವುದಿಲ್ಲ ಎಂದು.

ನಾಲ್ಕಕ್ಕೆ ವಿದ್ಯಾನಗರದ ತಂಡದ ವಿರುದ್ಧ ಪಂದ್ಯ ಶುರುವಾಯಿತು. ಮುನ್ನೂರು ಜನ ತಿಥಿ ಊಟಕ್ಕೆ ಕೂತವರ ಹಾಗೆ ಮುಖ ಮಾಡಿಕೊಂಡು ಕೂತರು. ಜಾಕಿರ್ ಆನ್ ಆಗಿದ್ದ ಮೈಕಿನ ಮುಂದೆ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತ. ವಿಶ್ವಾರಾಧ್ಯರು ಪಕ್ಕದಲ್ಲೇ ಕೂತು, “ಯಾಕ್ರೀ, ಗಂಟಲು ಸರಿ ಇಲ್ವಾ?” ಎಂದು ಕೇಳಿದರೆ ಕೈಸನ್ನೆ ಮಾಡಿದ.

ದೇವರು ಅವನನ್ನು ಪರೀಕ್ಷಿಸಲು ಅವತ್ತೇ ಪುರುಸೊತ್ತು ಮಾಡಿಕೊಂಡಿದ್ದ. ಎಪ್ಪತ್ತನೇ ನಿಮಿಷಕ್ಕೆ ಒಬ್ಬ ಆಟಗಾರ ಹೊರಬಂದು ಗೆರೆಯ ಮೇಲೆ ಕೂತು ಸಾಕ್ಸ್ ಬಿಚ್ಚತೊಡಗಿದ. ಒಳಹೋಗಬೇಕಾದ ಮುರಳಿ ಮೂಗು ಮುಚ್ಚಿಕೊಂಡು ಅದನ್ನೇ ಹಾಕಿಕೊಳ್ಳತೊಡಗಿದ. ರೆಫ್ರಿ ಸೊಂಟದ ಮೇಲೆ ಕೈಯಿಟ್ಟು ಕಾದ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಸೊಗಸಾದ ದೃಶ್ಯ ಜಾಕಿರನಿಗೆ ಸಿಕ್ಕಿರಲಿಲ್ಲ. ನಾಲಿಗೆಯ ತುದಿಗೆ ಬಂದ ಮಾತುಗಳನ್ನು ಒಂದೊಂದಾಗಿ ನುಂಗಿಕೊಂಡ.

ಎಂಬತ್ತೆಂಟನೇ ನಿಮಿಷದಲ್ಲಿ ಅದೇ ಮುರಳಿ ಮೂವರನ್ನು ದಾಟಿಕೊಂಡು ಹೋಗಿ ಚೆಂಡು ಒದ್ದ. ಒಂಬತ್ತು ತಿಂಗಳ ಮೇಲೆ ಭದ್ರಾ ಬಾಯ್ಸ್ ಗೋಲು ಹೊಡೆದಿತ್ತು.

ಮೊದಲು ಎದ್ದವನು ಸಾಕ್ಷಾತ್ ಅಧ್ಯಕ್ಷ ನಾಗೇಶನೇ. ಹೆಗಲ ಮೇಲಿನ ಟವೆಲನ್ನು ಆಕಾಶಕ್ಕೆಸೆದು ಅರಚಿದ ಅರಚಾಟಕ್ಕೆ ಮರದ ಕಾಗೆಗಳು ಎದ್ದು ಹೋದವು. ವಸಂತಮ್ಮ ಸೌಟಿನಿಂದ ಚಹಾದ ಪಾತ್ರೆ ಬಡಿದಳು. ಆಣೆ ಮಾಡಿದ ಮುನ್ನೂರು ಬಾಯಿಗಳೂ ಒಟ್ಟಿಗೇ ತೆರೆದವು. ಸೇತುವೆಯ ಮೇಲೆ ಹೋಗುತ್ತಿದ್ದ ಬಸ್ಸು ಸಹ ಏನಾಯಿತೋ ಎಂದು ನಿಧಾನ ಮಾಡಿತು. ಆಣೆಗೆ ಬದ್ಧನಾಗಿ ಉಳಿದವನು ಜಾಕಿರ್ ಒಬ್ಬನೇ. ಕರ್ಚೀಫು ಕಚ್ಚಿಕೊಂಡಿದ್ದ, ಕಣ್ಣಲ್ಲಿ ದಳದಳ ನೀರು. ಅದು ಸಂತೋಷಕ್ಕೋ ಸಂಕಟಕ್ಕೋ ಅವನಿಗೇ ತಿಳಿಯಲಿಲ್ಲ.

ಪಂದ್ಯ ಮುಗಿದಾಗ ವಿಶ್ವಾರಾಧ್ಯರು ಬೆಂಚಿನ ಮೇಲೆ ಹತ್ತಿ ನಿಂತು, ಮೈಕ್ ಆಫ್ ಮಾಡಿಸಿ, ಗಂಟಲೆತ್ತಿ ಹೇಳಿದರು. “ಮೈಕ್ ಇಲ್ದಿದ್ರೆ ಒಬ್ರೂ ಉಸಿರೆತ್ತಲ್ಲ ಅಂತ ಬೆಳಿಗ್ಗೆ ನನಗೊಬ್ರು ಹೇಳಿದ್ರು. ಅದು ಸುಳ್ಳು ಅಂತ ಈಗ ಅವ್ರೇ ಪ್ರಾಮಾಣಿಕವಾಗಿ ಬಾಯಿ ಮುಚ್ಕೊಂಡು ಕೂತು ತೋರಿಸ್ಕೊಟ್ರು. ಕ್ಲಬ್ಬಿಗೆ ದೊಡ್ಡ ಉಳಿತಾಯ. ಮುಂದಿನ ಪಂದ್ಯದಿಂದ ಮೈಕ್ ಇರಲ್ಲ. ಇದಕ್ಕೆ ಕಾರಣರಾದ ಜಾಕಿರ್ ಅವ್ರಿಗೆ ಸನ್ಮಾನ.” ಜಾಕಿರ್ ಏನೆಂದು ತಿಳಿಯುವುದರೊಳಗೆ ಜರಿಯಂಚಿನ ಶಾಲು ಅವನ ಹೆಗಲ ಮೇಲೆ ಬಿದ್ದಿತ್ತು.

ಮೈದಾನದಲ್ಲಿ ಗುಸುಗುಸು ಎದ್ದಿತು.

“ಒಂದು ಶಾಲಿಗೆ ಮೈಕ್ ಮಾರ್ಕೊಂಡ್ಯಲ್ಲ ಮಾರಾಯ,” ಎಂದಳು ವಸಂತಮ್ಮ.

“ಬೆಳಿಗ್ಗೆ ಸಾವ್ಕಾರ್ರ ಅಂಗಡೀಲಿ ನಾನು ಪಕ್ಕದಲ್ಲೇ ಇದ್ದೆ ಕಣಮ್ಮ. ಯಾವಾಗ ಒಳಒಪ್ಪಂದ ಮಾಡ್ಕೊಂಡ ಅಂತ ನನಗೇ ಗೊತ್ತಾಗ್ಲಿಲ್ಲ,” ಎಂದ ನಾಗೇಶ್, ಕೂಗಿ ಕೂಗಿ ಕೆಟ್ಟುಹೋಗಿದ್ದ ಗಂಟಲಲ್ಲಿ.

ಜಾಕಿರ್ ಕರ್ಚೀಫು ತೆಗೆದು ನಡೆದದ್ದೆಲ್ಲ ವಿವರಿಸಿದ. ಆಣೆ ಮುರಿದವರು ಯಾರು, ಉಳಿಸಿಕೊಂಡವರು ಯಾರು ಎಂದು ಬಿಡಿಸಿ ಬಿಡಿಸಿ ಹೇಳಿದ. ಮುನ್ನೂರು ಜನ ಒಟ್ಟಿಗೆ ಅವನನ್ನು ಬೈಯುತ್ತಿದ್ದ ಗದ್ದಲದಲ್ಲಿ ಪಕ್ಕದಲ್ಲಿದ್ದವನಿಗೂ ಅದು ಕೇಳಲಿಲ್ಲ. ಬೈದು ಸುಸ್ತಾದ ಮೇಲೆ ಜನ ಗೋಲಿನ ಮಾತಾಡುತ್ತ ಮನೆಗೆ ಹೋದರು.

ಕೊನೆಗೆ ಉಳಿದದ್ದು ವಿಶ್ವಾರಾಧ್ಯರೊಬ್ಬರು. ಹತ್ತಿರ ಬಂದು ಬೆನ್ನು ತಟ್ಟಿ, ಮೆಲ್ಲಗೆ ಹೇಳಿದರು.

“ಶಾಲು ಕೊಡಿ ಜಾಕಿರ್, ಅಂಗಡೀದು. ಮಡಿಕೆ ಕೆಟ್ರೆ ಗಿರಾಕಿ ತಗೊಳ್ಳಲ್ಲ.”