ಅರಳೆಯ ಟಗರನ್ನು ಕಿತ್ತು ನೋಡಿದ ಬೆರಳುಗಳಿಗೆ

ಹತ್ತಿ ವ್ಯಾಪಾರದ ಊರಾದ ಆದೋನಿಯ ಸಮಸ್ತ ಮಹಾಜನರ ಮಾನ್ಯ ಹೆಬ್ಬೆರಳುಗಳೇ, ಅವುಗಳ ಸಂಗ ಬಿಡದ ಮಾನ್ಯ ತೋರುಬೆರಳುಗಳೇ,

ಮಾನ್ಯರೇ, ತಾವೆಲ್ಲ ಉಗುರು ಸಮೇತ ಕ್ಷೇಮವಾಗಿದ್ದೀರೆಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ತಮ್ಮ ಒಡೆಯರಿಗೇ ಬರೆಯಬಹುದಿತ್ತು. ಆದರೆ ತಾವು ಮಾಡುವುದು ಅವರಿಗೇ ಗೊತ್ತಿರುವಂತೆ ಕಾಣದ ಕಾರಣ ತಮ್ಮನ್ನೇ ನೇರವಾಗಿ ಕಾಣುವುದು ಒಳ್ಳೆಯದೆನಿಸಿತು.

ನಾನು ಪೆದ್ದಹರಿವಾಣದ ಕುರಿ ಸಾಕುವವರ ಮಗಳು, ಶಿಲ್ಪಕಲೆಯಲ್ಲಿ ಎಂ.ಎಫ್.ಎ. ಕೊನೆಯ ವರ್ಷದವಳು. ಗೆಳತಿ ಚೇತನಾ ಕ್ಯುರೇಟರ್ ವಿದ್ಯಾರ್ಥಿನಿ, ಅಂದರೆ ಯಾವ ಕಲಾಕೃತಿ ಎಲ್ಲಿರಬೇಕು, ಅದರ ಪಕ್ಕದಲ್ಲಿ ಏನು ಬರೆದು ತೂಗುಹಾಕಬೇಕು ಎಂಬ ವಿದ್ಯೆ ಕಲಿಯುತ್ತಿರುವವಳು. ಹತ್ತಿ ವ್ಯಾಪಾರಿ ಚನ್ನಬಸಯ್ಯನವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ ಜಿನ್ನಿಂಗ್ ಮಿಲ್ಲಿನ ಖಾಲಿ ಗೋದಾಮಿನಲ್ಲಿ ನಮ್ಮ ತರಗತಿಯವರೆಲ್ಲ ಸೇರಿ ಪ್ರದರ್ಶನ ಏರ್ಪಡಿಸಿದೆವು. ನಟ್ಟನಡುವೆ ನನ್ನ ಟಗರು ನಿಂತಿತ್ತು, ತಂತಿಯ ಮೈ, ಅದರ ಮೇಲೆ ಅರಳೆಯ ತುಪ್ಪಳ. ಶನಿವಾರ ಪರೀಕ್ಷಕರು ಬಂದು ಅದೊಂದನ್ನೇ ನೋಡಿ ನನಗೆ ಅಂಕ ಕೊಡಬೇಕು. ಟಗರು ಇಲ್ಲದಿದ್ದರೆ ನನ್ನ ಪದವಿಯೂ ಇಲ್ಲ.

ಆದರೆ ಹತ್ತಿ ಕಂಡೊಡನೆ ಒಂದು ಚಿಟಿಕೆ ಕಿತ್ತು, ಎರಡೂ ಕೈಯಲ್ಲಿ ಹಿಡಿದೆಳೆದು, ಎಳೆಯ ಉದ್ದ ನೋಡದೆ ಮುಂದೆ ಹೋಗುವುದು ತಮ್ಮ ಜಾಯಮಾನದಲ್ಲೇ ಇಲ್ಲವೆಂಬುದು ನನಗೆ ಮರೆತಿತ್ತು. ಉದ್ಘಾಟನೆಯ ದಿನ ಚನ್ನಬಸಯ್ಯನವರ ಬೆರಳುಗಳು ದೀಪ ಹಚ್ಚಿ ನೇರವಾಗಿ ಬಾಲಕ್ಕೆ ಹೋದವು. ಗೋದಾಮು ಕೊಟ್ಟವರಿಗೆ ಏನನ್ನಲಾದೀತು? ಅವರ ಹಿಂದೆ ಬಂದವರು ತೊಡೆ, ಹೊಟ್ಟೆ, ಬೆನ್ನುಗಳ ಗುಣಮಟ್ಟವನ್ನು ಕೂಲಂಕಷವಾಗಿ ಪರಿಶೀಲಿಸಿದರು. ಮುಟ್ಟಬೇಡಿ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಹಾಕಿದೆವು. ಎದುರು ಬೀದಿಯ ಬಸವಕ್ಕನವರು ಅದನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಿ, ಕೈಯಲ್ಲಿ ಚಿಟಿಕೆ ಹತ್ತಿ ಹಿಡಿದುಕೊಂಡೇ, "ನಾವೆಲ್ಲಿ ಮುಟ್ಟೀವವ್ವಾ, ಬರೇ ನೋಡಾಕ ಹತ್ತೀವಿ" ಎಂದರು. ಮತ್ತೆ ಅರಳೆ ತಂದು ಅಂಟಿಸಿದೆ. ಹೊಸ ಮಾಲು ಬಂದಿದೆಯೆಂಬ ಸುದ್ದಿ ಹಬ್ಬಿ ಮರುದಿನ ಎರಡು ಪಟ್ಟು ಜನ ಬಂದರು.

ಕೊನೆಗೆ ನಮ್ಮಪ್ಪ ಉಚ್ಚೀರಪ್ಪನನ್ನು ಕಾವಲಿಗೆ ಕೂರಿಸಿದೆ. "ಕುರಿ ಕಾಯೋದು ನನಗೇನ್ ಹೊಸಾದೇನವ್ವಾ" ಎಂದು ಕೋಲು ಹಿಡಿದು ಕೂತ ಅಪ್ಪ ಒಬ್ಬರನ್ನೂ ಹತ್ತಿರಕ್ಕೆ ಬಿಡಲಿಲ್ಲ. ಮಧ್ಯಾಹ್ನ ಹೋಗಿ ನೋಡಿದರೆ ಟಗರಿಗೆ ಎರಡೂ ಕಿವಿ ಇರಲಿಲ್ಲ, ಅಪ್ಪನ ಉಗುರಿನಲ್ಲಿ ಎಳೆ ಸಿಕ್ಕಿಕೊಂಡಿತ್ತು. ನನಗೆ ಅಳುವೇ ಬಂತು.

ಚೇತನಾಗೆ ಮಾತ್ರ ದಿನದಿನಕ್ಕೂ ಹುರುಪು ಏರಿತು. ಟಗರು ಕರಗಿದಷ್ಟೂ ಅವಳ ವಿವರಣೆಯ ಹಲಗೆ ಬೆಳೆದು, ಒಂದಿದ್ದದ್ದು ಮೂರಾಯಿತು. ಮೊದಲು "ಟಗರು" ಎಂದಷ್ಟೇ ಇದ್ದ ಶೀರ್ಷಿಕೆ "ಟಗರಿನ ನೆನಪು" ಆಗಿ, ಈಗ "ಟಗರಿನ ಗೈರುಹಾಜರಿಯ ರಾಜಕಾರಣ" ಆಗಿದೆ. ಇಂಥ ಉನ್ನತ ವಿಚಾರಗಳಿಗೆ ತಾವೇ ಪ್ರೇರಣೆಯಾದದ್ದಕ್ಕೆ ಅವಳ ಪರವಾಗಿ ವಂದನೆಗಳು.

ಆದುದರಿಂದ ಮಾನ್ಯರಲ್ಲಿ ಬೇಡಿಕೊಳ್ಳುವುದೇನೆಂದರೆ, ಟಗರಿನ ಹಣೆಯ ಮೇಲೆ ಉಳಿದಿರುವ ಒಂದು ಹಿಡಿ ಅರಳೆ ಶನಿವಾರದವರೆಗಾದರೂ ಉಳಿಯುವಂತೆ, ತಾವು ಒಡೆಯರನ್ನು ಮನೆಯಲ್ಲೇ ಬಿಟ್ಟು ಪತ್ತಿಕೊಂಡದ ಸಂತೆಗೆ ಹೋಗಿ ಟೊಮೇಟೊ ಒತ್ತಿ ನೋಡಿಕೊಂಡಿರಬೇಕು. ಅಷ್ಟು ದೂರದ ಪ್ರಯಾಣ ಆಗದಿದ್ದರೆ ಅಂಗೈಯೊಳಗೆ ಮುದುಡಿ ವಿಶ್ರಮಿಸಬೇಕು. ಸುಮ್ಮನಿರುವುದೇ ಕಷ್ಟವೆಂದಾದರೆ, ಒಡೆಯರ ಮೂಗಿನಲ್ಲೇ ತಮಗೆ ಬೇಕಾದಷ್ಟು ಕೆಲಸವಿದೆಯೆಂದು ಕೇಳಿದ್ದೇನೆ.

ತಮ್ಮ ವಿಶ್ವಾಸಿ, ಹತ್ತು ಬೆರಳುಗಳ ಒಡತಿಯೂ ಆದ
ನಾಗಜ್ಯೋತಿ

ತಾ.ಕ.: ಇದನ್ನು ಗೋದಾಮಿನ ಬಾಗಿಲಿಗೆ ಅಂಟಿಸುವ ಮೊದಲೇ ಶನಿವಾರ ಬಂತು, ಪರೀಕ್ಷಕರೂ ಬಂದರು. ಒಬ್ಬರೇ, ದೂರದ ಊರಿನವರು, ಹತ್ತಿಯ ಗಂಧಗಾಳಿ ಇಲ್ಲದವರು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೇ ನಿಂತರು. ನನಗೆ ಹೋದ ಜೀವ ಬಂದಂತಾಯಿತು. ಚೇತನಾ ಹಲಗೆಯತ್ತ ಮುಖ ಮಾಡಿ ವಿವರಣೆ ಓದತೊಡಗಿದಳು. ಅವಳು ಎರಡನೆಯ ಹಲಗೆಗೆ ದಾಟುವಾಗ ಪರೀಕ್ಷಕರು ಮೆಲ್ಲಗೆ ಕೈ ಮುಂದೆ ತಂದು, ಹಣೆಯ ಮೇಲಿದ್ದ ಆ ಹಿಡಿ ಅರಳೆಯನ್ನು ಕಿತ್ತು, ಎರಡು ಉಂಡೆ ಮಾಡಿ, ತಮ್ಮ ಕಿವಿಯೊಳಕ್ಕೆ ಒಂದೊಂದು ಇಟ್ಟುಕೊಂಡರು, ಆಮೇಲೆ ಕೊನೆಯವರೆಗೂ ನಸುನಗುತ್ತ ತಲೆಯಾಡಿಸಿದರು. ಇಡೀ ಪ್ರದರ್ಶನದಲ್ಲಿ ನೋಡುಗನ ಕಷ್ಟಕ್ಕೆ ಒದಗಿದ ಕೃತಿ ಇದೊಂದೇ ಎಂದು ಬರೆದು ನನಗೆ ಪ್ರಥಮ ದರ್ಜೆ ಕೊಟ್ಟಿದ್ದಾರೆ. ತನ್ನ ಮಾತನ್ನು ಇಷ್ಟು ಗಮನವಿಟ್ಟು ಇದುವರೆಗೆ ಯಾರೂ ಕೇಳಿರಲಿಲ್ಲವೆಂದು ಚೇತನಾ ಸಂತೋಷಕ್ಕೆ ಅತ್ತೇಬಿಟ್ಟಳು. ಆದ್ದರಿಂದ ಮಾನ್ಯ ತೋರುಬೆರಳುಗಳು ಈ ಪತ್ರವನ್ನು ಊರಿಗೆಲ್ಲ ತೋರಿಸಿದರೂ, ಅವಳೊಬ್ಬಳಿಗೆ ಮಾತ್ರ ತೋರಿಸಬಾರದಾಗಿ ವಿನಂತಿ.