ಅಣ್ಣ ಉಂಡ ರೊಟ್ಟಿ

ಉಪವಾಸಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಏಕಾದಶಿ, ಶಿವರಾತ್ರಿ, ಡಾಕ್ಟರರ ಅಪ್ಪಣೆ, ಯಾವುದಕ್ಕೂ ನನ್ನ ಹೊಟ್ಟೆ ಬಗ್ಗಿದ್ದಿಲ್ಲ. ಭಾಲ್ಕಿಯ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಊಟದ ಗಂಟೆ ಮೊದಲು ನನ್ನ ಹೊಟ್ಟೆಯಲ್ಲಿ ಬಾರಿಸುತ್ತಿತ್ತು, ಆಮೇಲೆ ಜವಾನ ಬಾರಿಸುತ್ತಿದ್ದ. ಇಂಥವನು ವರ್ಷಕ್ಕೊಂದು ದಿನ, ದೀಪಾವಳಿ ಮುಗಿದ ಹೊಸದರಲ್ಲಿ, ಊಟ ಬೇಡವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಮನೆಯವರು ಗಾಬರಿಯಾಗದೆ ಏನು ಮಾಡಿಯಾರು? ಹೆಂಡತಿ ಹಣೆ ಮುಟ್ಟಿ ನೋಡುತ್ತಾಳೆ. ಕಾರಣವನ್ನು ಅವಳಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ನೀವು ಬೀದರಿನ ಮೈಲೂರಿನ ನಮ್ಮ ಓಣಿಯವರಲ್ಲ ಎಂಬ ಧೈರ್ಯದ ಮೇಲೆ.

ನನ್ನ ಅಣ್ಣ ಗಾಂಧಿ ಗಂಜಿನ ಧಾನ್ಯದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ತೊಗರಿ ಕೊಳ್ಳಲು ಬರುತ್ತಿದ್ದ ಗುಜರಾತಿ ಸೇಠ ಒಬ್ಬ ಅವನ ಅಕ್ಷರ ಮೆಚ್ಚಿ, ಸಮುದ್ರದಾಚೆ ಮೊಂಬಾಸಾ ಬಂದರಿನ ತನ್ನ ಗೋದಾಮಿಗೆ ಕರೆದುಕೊಂಡು ಹೋದ. ವೈನಿ, ಅಂದರೆ ಅಣ್ಣನ ಹೆಂಡತಿ, ನಮ್ಮ ಜೊತೆ ಬೀದರಿನಲ್ಲೇ ಉಳಿದಳು. ಔರಾದದ ಹೆಣ್ಣು, ಮಾತು ಕಡಿಮೆ, ಹಟ ಜಾಸ್ತಿ. ಹೈದರಾಬಾದ್ ಸಂಸ್ಥಾನ ಒಡೆದು ನಾವು ಮೈಸೂರಿಗೋ ಆಂಧ್ರಕ್ಕೋ ಮುಂಬಯಿಗೋ ಎಂದು ಚಹಾದಂಗಡಿಗಳಲ್ಲಿ ವಾದ ನಡೆದಿದ್ದ ಕಾಲ. ಅಣ್ಣನೂ ಪ್ರತಿ ಪತ್ರದಲ್ಲಿ ‘ನಮ್ಮ ಊರು ಯಾರಿಗೆ ಬಂತು?’ ಎಂದು ಕೇಳುತ್ತಿದ್ದ. ಒಂದು ದಿನ ಪತ್ರ ಬಂತು, ಅಕ್ಷರ ಅವನದಲ್ಲ. ಅವನ ಕೋಣೆಯ ಜೊತೆಗಾರ, ಉದಗೀರ ಕಡೆಯ ವಿಠ್ಠಲರಾವ್ ಬರೆದಿದ್ದ. ಅಣ್ಣನಿಗೆ ಹೊಟ್ಟೆಯ ಬೇನೆ, ಏನೂ ಸೇರುವುದಿಲ್ಲ, ಮನೆಯ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬೇಕೆಂದು ಹಲುಬುತ್ತಾನೆ, ಯಾರಾದರೂ ಬೇಗ ಬರಬೇಕು.

ಖರ್ಚು ಸೇಠನದು, ಹಡಗೋ ವಿಮಾನವೋ ನೀವೇ ನೋಡಿಕೊಳ್ಳಿ ಎಂದೂ ಅದೇ ಪತ್ರದಲ್ಲಿತ್ತು. ನಾನು ವಿಮಾನದ ಪಕ್ಷ. ಅಣ್ಣನನ್ನು ಬೇಗ ನೋಡುವ ಆಸೆ ಎಷ್ಟಿತ್ತೋ, ವಿಮಾನ ಹತ್ತಿ ಬಂದ ಮಾಸ್ತರ ಎನಿಸಿಕೊಳ್ಳುವ ಆಸೆಯೂ ಅಷ್ಟೇ ಇತ್ತು. ಆದರೆ ವಿಮಾನದಲ್ಲಿ ಸಾಮಾನು ತೂಗುತ್ತಾರಂತೆ, ರೊಟ್ಟಿಯ ಡಬ್ಬಿಗೆ ಜಾಗವಿಲ್ಲವಂತೆ. ರೊಟ್ಟಿ ಆಮೇಲೆ ಕಳಿಸೋಣ ಎಂದು ನಾನು ಹೇಳುವಷ್ಟರಲ್ಲಿ ವೈನಿ ಕೊಣಮಿಗೆಯಲ್ಲಿ ಹಿಟ್ಟು ಕಲೆಸುತ್ತಿದ್ದಳು.

“ಮದಿವಿ ಆದಾಗಿಂದ ಅವರು ನನಗ ಒಂದರ ಬೇಡ್ಯಾರೇನ್ರಿ? ಈಗ ರೊಟ್ಟಿ ಬೇಡ್ಯಾರ. ಜಹಾಜಿನ್ಯಾಗ ಹೋಗ್ರಿ.”

ಹೋದೆ. ಕಾಗದದಂತೆ ತೆಳ್ಳಗೆ ಬಡಿದು, ಒಣಗಿಸಿ, ಖಡಕ್ ಮಾಡಿದ ರೊಟ್ಟಿಗಳು, ಜೊತೆಗೆ ಹಿಂಡಿ. ತಗಡಿನ ಡಬ್ಬಿಗೆ ಮೇಲೆ ಅರಿವೆ ಸುತ್ತಿ ಹೊಲಿದಿದ್ದಳು, ನನ್ನ ಸ್ವಭಾವ ಬಲ್ಲವಳು. ಹಡಗಿನ ಕೆಳ ಅಂತಸ್ತಿನಲ್ಲಿ ಸಿಗುತ್ತಿದ್ದುದು ಬೆಲ್ಲ ಹಾಕಿದ ಬೇಳೆ, ಅನ್ನ. ತಿಂದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ಬಂದು ಆ ಡಬ್ಬಿಯ ಮೇಲೇ ತಲೆ ಇಟ್ಟು ಮಲಗುತ್ತಿದ್ದೆ. ಹೊಲಿಗೆಯ ಸಂದಿಯಿಂದ ಹಿಂಡಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬರುತ್ತಿತ್ತು. ಒಂದು ಎಳೆ ದಾರ ಬಿಚ್ಚಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ತಪಸ್ಸು ಅಂದರೆ ಅದೊಂದೇ.

ನಾನು ನಡುನೀರಿನಲ್ಲಿದ್ದಾಗ ಎರಡು ಸಂಗತಿ ಆಗಿದ್ದವು. ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಸೇರಿದ್ದವು. ಅಣ್ಣ ಸತ್ತಿದ್ದ. ಬಂದರಿನಲ್ಲಿ ವಿಠ್ಠಲರಾವ್ ಒಬ್ಬನೇ ನಿಂತಿದ್ದ. ಅವನ ಮುಖ ನೋಡಿಯೇ ಡಬ್ಬಿ ಕೆಳಗಿಟ್ಟೆ. ಮೊನ್ನೆ ಹೋದನಂತೆ. ಕೊನೆಗೆ ನೀರೂ ಇಳಿಯಲಿಲ್ಲವಂತೆ. ದಹನವೂ ಮುಗಿದಿತ್ತು. ಮನೆಗೆ ತಾರು ಮಾತ್ರ ಕೊಟ್ಟಿಲ್ಲ, ನೀವೇ ಕೊಡಿ ಎಂದ. ರೊಟ್ಟಿಯ ಮೇಲೆ ಸಿಟ್ಟು ಬಂತು. ವಿಮಾನದಲ್ಲಿ ಬಂದಿದ್ದರೆ ಅವನ ಕೈ ಹಿಡಿಯುತ್ತಿದ್ದೆ. ಡಬ್ಬಿಯನ್ನು ಎತ್ತಿ ಸಮುದ್ರಕ್ಕೆ ಎಸೆಯಬೇಕೆನಿಸಿತು. ತಾರು ಆಫೀಸಿನಲ್ಲಿ ನಿಂತಾಗ ವೈನಿಯ ಹಿಟ್ಟಿನ ಕೈ ಕಣ್ಣ ಮುಂದೆ ಬಂತು. ಲೆಕ್ಕ ಹಾಕುವುದು ಅವಳಿಗೂ ಬರುತ್ತದೆ. ರೊಟ್ಟಿಗಾಗಿ ಹಡಗು, ಹಡಗಿಗಾಗಿ ತಡ. ಬರೆದೆ: ‘ತಲುಪಿದೆ. ಅಣ್ಣ ರೊಟ್ಟಿ ಉಂಡು, ಇಂದು ಶಾಂತವಾಗಿ ತೀರಿಕೊಂಡ.’

ಸುಳ್ಳು ಹೇಳುವುದು ಸುಲಭ, ಡಬ್ಬಿ ಖಾಲಿ ಮಾಡುವುದು ಕಷ್ಟ. ತುಂಬಿದ ಡಬ್ಬಿ ಮನೆಗೆ ಒಯ್ಯುವಂತಿರಲಿಲ್ಲ. ಪಿಂಡದ ದಿನ ಒಂದು ರೊಟ್ಟಿ ಇಟ್ಟೆವು. ಆ ಊರಲ್ಲೂ ನಮ್ಮಂಥವೇ ಕಾಗೆಗಳು. ಒಂದು ಬಂದು ಕಚ್ಚಿಕೊಂಡು ಹೋಯಿತು. ಉಳಿದದ್ದನ್ನು ಅಣ್ಣನ ಮಂಚದ ಮೇಲೆ ಕೂತು ನಾನು, ವಿಠ್ಠಲರಾವ್ ತಿಂದೆವು. ಖಡಕ್ ರೊಟ್ಟಿ ಸದ್ದಿಲ್ಲದೆ ಮುರಿಯುವುದಿಲ್ಲ. ಇಬ್ಬರೂ ಅಳುತ್ತ, ಕಟಕಟ ಅನ್ನಿಸುತ್ತ ತಿಂದೆವು.

ಊರಿಗೆ ಬಂದಾಗ ವೈನಿ ಮೊದಲು ಡಬ್ಬಿಯ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದಳು. ಎಷ್ಟು ಉಂಡರು ಎಂದು ಕೇಳಿದಳು. ಅರ್ಧ ಎನ್ನಬೇಕಾದವನು, ಅವಳ ಮುಖ ನೋಡಿ ಒಂದು ಎಂದೆ. ವರ್ಷ ವರ್ಷ ಹೇಳುತ್ತ ಹೇಳುತ್ತ ಈಗ ಅದು ಮೂರಕ್ಕೆ ಬಂದಿದೆ, ಮೇಲೆ ಮಜ್ಜಿಗೆ ಬೇರೆ. ಆಕೆ ನಾನು ತಾರಿನಲ್ಲಿ ಬರೆದ ದಿನಕ್ಕೇ ಶ್ರಾದ್ಧ ಮಾಡಿಸುತ್ತಾಳೆ. ಅಣ್ಣ ನಿಜವಾಗಿ ಸತ್ತದ್ದು ಅದಕ್ಕೆ ಎರಡು ದಿನ ಮೊದಲು. ಆ ದಿನ ಈ ಭೂಮಿಯ ಮೇಲೆ ಅವನಿಗಾಗಿ ಒಬ್ಬನಾದರೂ ಹಸಿದಿರಲಿ ಎಂದು ನಾನು ಗೋಡೆಗೆ ಮುಖ ಮಾಡಿ ಮಲಗುತ್ತೇನೆ.

ಮಧ್ಯಾಹ್ನದವರೆಗೆ ನಡೆಯುತ್ತದೆ. ಆಮೇಲೆ ವೈನಿ ತಾನೇ ತಾಟು ಹಿಡಿದು ಬರುತ್ತಾಳೆ. ಬಿಸಿ ರೊಟ್ಟಿ, ಶೇಂಗಾ ಹಿಂಡಿ.

“ಏಳ್ರಿ, ಉಣ್ರಿ. ಸಾಯೋ ಹೊತ್ನ್ಯಾಗ ನಿಮ್ಮಣ್ಣ ಸುದ್ದಾ ಹೊಟ್ಟಿ ತುಂಬ ಉಂಡ ಹೋದ್ರು. ನಿಮಗೇನ್ ಆಗ್ಯಾದ್ರಿ?”

ಎದ್ದು ಕೂರುತ್ತೇನೆ. ಮೊದಲ ರೊಟ್ಟಿಯನ್ನು ಅವಳಿಗಾಗಿ ಮುರಿಯುತ್ತೇನೆ. ಎರಡನೆಯ ರೊಟ್ಟಿಯ ಹೊತ್ತಿಗೆ ರುಚಿ ಹತ್ತಿಬಿಡುತ್ತದೆ. ಮೂರನೆಯದನ್ನು ನಾನೇ ಕೇಳಿ ಹಾಕಿಸಿಕೊಳ್ಳುತ್ತೇನೆ.